ದೊಡ್ಡಮ್ಮನ ಒಳಗಿನ ಬಲೆ ಮತ್ತು ಇಲ್ಲದ ಒಂದು ಕಾಗದ

ಅಲೆವೂರಿನ ನಮ್ಮ ದೊಡ್ಡಮ್ಮನ ಮನೆಯಲ್ಲಿ ಹಳೆಯ ಒಂದು ತಗಡಿನ ಪೆಟ್ಟಿಗೆ ಇದೆ. ಡಿಕ್ಲರೇಷನ್‌ನಲ್ಲಿ ಜಾಗ ಆದಾಗ ಸಿಕ್ಕಿದ ಕಾಗದ, ಆರ್‌ಟಿಸಿ, ಬೀಡಿಯ ಪಾಸ್‌ಬುಕ್, ಪಿಎಫ್ ಪತ್ರ, ಸೊಸೈಟಿಯಲ್ಲಿ ಚಿನ್ನ ಅಡವಿಟ್ಟ ರಶೀದಿ, ಎಲ್ಲವೂ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಅದರೊಳಗೆ ಭದ್ರವಾಗಿವೆ. ಇಲ್ಲದ್ದು ಒಂದೇ. ದೊಡ್ಡಮ್ಮನ ದೇಹದೊಳಗೆ ಏನು ಇಟ್ಟಿದ್ದಾರೆ ಎಂದು ಹೇಳುವ ಕಾಗದ.

ಈ ಬರಹ ಆ ಕಾಗದದ ಬಗ್ಗೆ. ದೊಡ್ಡಮ್ಮನಿಗೆ ಓದಿ ಹೇಳಿಯೇ ಹಾಕುತ್ತಿದ್ದೇನೆ. "ಹೆಸರು ಹಾಕ್ಬೇಡ, ಬಾಕಿ ಎಲ್ಲ ಬರಿ" ಎಂದರು.

ಅವರಿಗೆ ನಾಲ್ಕು ಹೆರಿಗೆ, ನಾಲ್ಕೂ ಮನೆಯಲ್ಲೇ. ಬಾಣಂತನದ ನಲವತ್ತು ದಿನ ತುಂಬುವ ಮೊದಲೇ ನೇಜಿ ನೆಡಲು ಗದ್ದೆಗೆ ಇಳಿದವರು. ಹಟ್ಟಿಗೆ ಸೊಪ್ಪಿನ ಹೊರೆ, ಬಾವಿಯಿಂದ ನೀರು, ಉಳಿದ ಹೊತ್ತು ಬೀಡಿ. ಐವತ್ತು ಕಳೆಯುವಾಗ ಕೆಳಗೆ ಏನೋ ಜಾರಿ ಬಂದ ಹಾಗೆ ಆಗತೊಡಗಿತು. ಗರ್ಭಕೋಶ ಜಾರುವುದು ಎಂದರೆ ಇದು. ಗರ್ಭಕೋಶ, ಮೂತ್ರಕೋಶಗಳನ್ನು ಕೆಳಗಿನಿಂದ ತೊಟ್ಟಿಲಿನಂತೆ ಹಿಡಿದಿರುವ ಸ್ನಾಯು ಮತ್ತು ನಾರುಗಳು ಹೆರಿಗೆ, ಭಾರ ಹೊರುವುದು, ಬಿಡದ ಕೆಮ್ಮು, ಮಲಬದ್ಧತೆ, ಮುಟ್ಟು ನಿಂತ ಮೇಲಿನ ಬದಲಾವಣೆ ಇವುಗಳಿಂದ ಸಡಿಲವಾಗುತ್ತವೆ. ದೊಡ್ಡಮ್ಮ ಎರಡು ವರ್ಷ ಯಾರಿಗೂ ಹೇಳಲಿಲ್ಲ. ಕೊನೆಗೆ ಗರ್ಭಕೋಶ ತೆಗೆಸಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಗರ್ಭಕೋಶ ಹೋದರೂ ಅದನ್ನು ಹಿಡಿದಿದ್ದ ಜಾಗದ ಸಡಿಲ ಹೋಗುವುದಿಲ್ಲ. ಕೆಲವು ವರ್ಷದಲ್ಲಿ ಮೂತ್ರಕೋಶ ಕೆಳಗೆ ಬಂತು. 2013ರಲ್ಲಿ ಎರಡನೇ ಆಪರೇಷನ್. "ಒಳಗೆ ಒಂದು ಬಲೆ ಇಡ್ತೇವೆ, ಇನ್ನು ಜಾರುದಿಲ್ಲ" ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ದೊಡ್ಡಪ್ಪ ಸಹಿ ಹಾಕಿದರು. ಮನೆಗೆ ಬಂದ ಮೇಲೆ ದೊಡ್ಡಮ್ಮನೇ ತಮಾಷೆ ಮಾಡಿದ್ದರು: "ಮಲ್ಪೆಯಲ್ಲಿ ಮೀನಿಗೆ ಹಾಕುವ ಬಲೆ ಈಗ ನನಗೆ ಹಾಕಿದ್ದಾರೆ." ನಾವೂ ನಕ್ಕಿದ್ದೆವು. ಯಾವ ಬಲೆ ಎಂದು ಯಾರೂ ಕೇಳಲಿಲ್ಲ.

ಎರಡು ವರ್ಷ ಆರಾಮ ಇದ್ದರು. ಆಮೇಲೆ ಮೂತ್ರ ಉರಿ ಶುರುವಾಯಿತು. ಮಾತ್ರೆ ತಗೊಂಡರೆ ಕಡಿಮೆ, ತಿಂಗಳು ಕಳೆದರೆ ಮತ್ತೆ ಅದೇ. ಬೀಡಿ ಕಟ್ಟುವಾಗ ಒಂದೇ ಬದಿಗೆ ವಾಲಿ ಕುಳಿತುಕೊಳ್ಳುತ್ತಿದ್ದರು. ಕೇಳಿದರೆ "ಸೊಂಟ ನೋವು". 2019ರ ಮಳೆಗಾಲದಲ್ಲಿ ರಜೆಗೆ ಹೋಗಿದ್ದಾಗ ಹಟ್ಟಿಯ ಹಿಂದೆ ಹಳೆ ಸೀರೆಯ ಚೂರುಗಳು ಒಣಗುವುದನ್ನು ನೋಡಿದೆ. ಆ ಮನೆಯಲ್ಲಿ ಮುಟ್ಟಾಗುವವರು ಯಾರೂ ಇಲ್ಲ.

"ಇದು ಯಾರದ್ದು ದೊಡ್ಡಮ್ಮ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಉಷ್ಣ ಆಗಿದೆ ಮಗಾ. ಕೊತ್ತಂಬರಿ ನೀರು ಕುಡಿತಾ ಇದ್ದೇನೆ."

"ಎಷ್ಟು ದಿನದಿಂದ?"

"ದಿನ ಅಲ್ಲ. ಮೂರು ವರ್ಷ ಆಯ್ತು."

ಮುಟ್ಟು ನಿಂತು ಹತ್ತು ವರ್ಷದ ಮೇಲೆ ರಕ್ತ ಕಂಡರೆ ಅದು ಉಷ್ಣ ಅಲ್ಲ, ಕೂಡಲೇ ಡಾಕ್ಟರಿಗೆ ತೋರಿಸಲೇಬೇಕು ಎಂಬಷ್ಟು ನನಗೆ ಗೊತ್ತಿತ್ತು. ಬೇರೊಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಲೇಡಿ ಡಾಕ್ಟರ್ ಮೊದಲು ಕೇಳಿದ್ದು, "ಯಾವ ಮೆಶ್ ಹಾಕಿದ್ದಾರೆ? ಹೊಟ್ಟೆ ಕೊಯ್ದು ಹಾಕಿದ್ದಾ, ಕೆಳಗಿನಿಂದ ಹಾಕಿದ್ದಾ? ಕಾಗದ ಉಂಟಾ?"

ನಮ್ಮಲ್ಲಿದ್ದದ್ದು ಒಂದು ಬಿಲ್. ಅದರಲ್ಲಿ "ಮೆಶ್ – 1" ಎಂದು ಬರೆದಿತ್ತು, ಅಷ್ಟೇ. ಹಳೆಯ ಆಸ್ಪತ್ರೆಗೆ ಹೋಗಿ ಕೇಳಿದರೆ "ಆರು ವರ್ಷದ ಹಿಂದಿನ ಫೈಲ್ ಈಗ ಇಲ್ಲ" ಎಂದರು. ಜಗಳ ಮಾಡಿ ಬಂದೆ. ಆಮೇಲೆ ನಿಯಮ ಓದಿದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲಿ ದಾಖಲಾದ ರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು ಎಂದಿದೆ. ರೋಗಿಯೋ ಅವರ ಪರವಾಗಿ ಮನೆಯವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದೂ ಇದೆ. ಕೇಳುವ ಹಕ್ಕು ನಮಗಿತ್ತು, ನಾವು ಕೇಳಿರಲಿಲ್ಲ. ದೇಹದೊಳಗೆ ಇಟ್ಟ ವಸ್ತು ಜೀವಮಾನ ಪೂರ್ತಿ ಇರುತ್ತದೆ. ಅದರ ದಾಖಲೆಗೆ ಆಯುಷ್ಯ ಮೂರೇ ವರ್ಷ.

ಡಾಕ್ಟರ್ ಪರೀಕ್ಷೆ ಮಾಡಿ ತಿಳಿಸಿ ಹೇಳಿದರು. ಬಲೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನದ್ದು. ಅಕ್ಕಿ ಚೀಲ ನೇಯುವುದೂ ಆ ಜಾತಿಯ ಪ್ಲಾಸ್ಟಿಕ್‌ನಿಂದಲೇ, ಆದರೆ ಇದು ವೈದ್ಯಕೀಯ ಬಳಕೆಗೆಂದೇ ತಯಾರಾದದ್ದು. ಅದರ ತೂತುಗಳೊಳಗೆ ನಮ್ಮ ಮಾಂಸ ಬೆಳೆದು ಗಟ್ಟಿಯಾಗಬೇಕು ಎಂಬುದೇ ಅದರ ಉದ್ದೇಶ. ಕೆಲವರಲ್ಲಿ ಬಲೆಯ ಅಂಚು ಯೋನಿಮಾರ್ಗದ ತೆಳು ಪದರವನ್ನು ಹರಿದು ಹೊರಗೆ ಕಾಣಿಸಿಕೊಳ್ಳುತ್ತದೆ, ಕೆಲವರಲ್ಲಿ ಮುದುಡಿ ಎಳೆಯುತ್ತದೆ. ರಕ್ತ, ಬಿಳಿ ಹೋಗುವುದು, ಕೂರಲಾಗದ ನೋವು, ಗಂಡನ ಜೊತೆ ಇರುವಾಗ ನೋವು, ಮತ್ತೆ ಮತ್ತೆ ಮೂತ್ರದ ಸೋಂಕು ಆಗಬಹುದು. ಸಣ್ಣದಾದರೆ ಮುಲಾಮು ಹಚ್ಚಿ ನೋಡುತ್ತಾರೆ, ಇಲ್ಲವೇ ಹೊರಬಂದ ತುಂಡನ್ನು ಕತ್ತರಿಸುತ್ತಾರೆ. ಪೂರ್ತಿ ತೆಗೆಯುವುದು ಕಷ್ಟ. ಗೋಡೆಗೆ ಹಬ್ಬಿದ ಬಳ್ಳಿ ಕಿತ್ತರೆ ಗಾರೆಯೂ ಎದ್ದು ಬರುವ ಹಾಗೆ.

ಮನೆಗೆ ಬಂದು ರಾತ್ರಿಯಿಡೀ ಮೊಬೈಲ್‌ನಲ್ಲಿ ಓದಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಲೆಗಳ ಬಗ್ಗೆ 2008ರಲ್ಲೇ ಎಚ್ಚರಿಸಿತ್ತು. 2011ರಲ್ಲಿ ಇನ್ನೂ ಗಟ್ಟಿಯಾಗಿ ಹೇಳಿತ್ತು. ಅಂದರೆ ದೊಡ್ಡಮ್ಮನ ಆಪರೇಷನ್‌ಗೆ ಎರಡು ವರ್ಷ ಮೊದಲು. 2014ರಲ್ಲಿ ಸ್ಕಾಟ್ಲೆಂಡಿನಲ್ಲಿ ನೋವುಂಡ ಹೆಂಗಸರೇ ಸಂಸತ್ತಿಗೆ ಮನವಿ ಕೊಟ್ಟು, ಅಲ್ಲಿನ ಆರೋಗ್ಯ ಸಚಿವರು ಇದರ ಬಳಕೆ ನಿಲ್ಲಿಸಲು ಹೇಳುವಂತೆ ಮಾಡಿದರು. 2019ರ ಏಪ್ರಿಲ್ 16ರಂದು, ನಾವು ಆಸ್ಪತ್ರೆಗೆ ಹೋಗುವ ಕೆಲವೇ ತಿಂಗಳ ಮೊದಲು, ಅಂಗಾಂಗ ಜಾರುವಿಕೆಗೆ ಕೆಳಗಿನಿಂದ ಹಾಕುವ ಬಲೆಗಳ ಮಾರಾಟವನ್ನೇ ಎಫ್‌ಡಿಎ ನಿಲ್ಲಿಸಿತ್ತು. 2020ರ ಜುಲೈಯಲ್ಲಿ ಬ್ರಿಟನ್ನಿನ ಬ್ಯಾರೊನೆಸ್ ಕಂಬರ್ಲೆಜ್ ಅವರ ವರದಿ ಬಂತು. ಹೆಂಗಸರು ನೋವು ಎಂದಾಗ ಯಾರೂ ಕಿವಿಗೊಡಲಿಲ್ಲ, ಯಾರ ದೇಹದಲ್ಲಿ ಯಾವ ಬಲೆ ಇದೆ ಎಂಬ ಲೆಕ್ಕವೂ ಇಲ್ಲ ಎಂದು ಅದು ಹೇಳಿತು. ಓದುವಾಗ ನಮ್ಮ ತಗಡಿನ ಪೆಟ್ಟಿಗೆ ನೆನಪಾಯಿತು. ಅಷ್ಟು ದೊಡ್ಡ ದೇಶದಲ್ಲೂ ಇದೇ ಕತೆ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಎಲ್ಲ ಬಲೆಯೂ ಕೆಟ್ಟದ್ದಲ್ಲ. ಹರ್ನಿಯಾಕ್ಕೆ ಹಾಕುವುದು ಬೇರೆ. ಜಾರುವಿಕೆಗೇ ಹೊಟ್ಟೆಯ ಕಡೆಯಿಂದ ಹಾಕುವ ವಿಧಾನ ಈಗಲೂ ಇದೆ, ಅದಕ್ಕೆ ಎಫ್‌ಡಿಎಯ ಆ ಆದೇಶ ಅನ್ವಯಿಸುವುದಿಲ್ಲ. ಬಲೆ ಹಾಕಿಸಿಕೊಂಡು ಆರಾಮವಾಗಿರುವವರು ಇದನ್ನು ಓದಿ ತೆಗೆಸಲು ಓಡಬೇಕಾಗಿಲ್ಲ. ರಕ್ತ, ನೋವು, ಸೋಂಕು ಇದ್ದರೆ ಮಾತ್ರ ಮುಚ್ಚಿಡಬೇಡಿ. "ನನಗೆ ಬಲೆ ಹಾಕಿದ್ದಾರೆ" ಎಂದು ಡಾಕ್ಟರಿಗೆ ಹೇಳಿ. ದೊಡ್ಡಮ್ಮ ಮೂತ್ರ ಉರಿಗೆ ಮದ್ದು ಕೊಟ್ಟ ಯಾರಿಗೂ ಅದನ್ನು ಹೇಳಿರಲಿಲ್ಲ.

ಜಾರುವಿಕೆ ಈಗಷ್ಟೇ ಶುರುವಾದವರು ಆಪರೇಷನ್‌ಗೆ ಮೊದಲು ಬೇರೆ ದಾರಿ ಕೇಳಬಹುದು. ಮೂತ್ರ ತಡೆಯುವ ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಇದೆ. ಪೆಸ್ಸರಿ ಎಂಬ ಉಂಗುರ ಒಳಗಿಟ್ಟು ಆಗಾಗ ಪರೀಕ್ಷಿಸಿಕೊಳ್ಳುವ ಕ್ರಮ ಇದೆ. ನಮ್ಮದೇ ನಾರುಗಳನ್ನು ಹೊಲಿಯುವ ಆಪರೇಷನ್ ಇದೆ. ಬಲೆಯೇ ಬೇಕೆಂದರೆ ಮೂರು ಪ್ರಶ್ನೆ ಕೇಳಿ: ಯಾಕೆ ಬೇಕು, ಯಾವ ದಾರಿಯಿಂದ ಹಾಕುತ್ತೀರಿ, ತೊಂದರೆ ಆದರೆ ತೆಗೆಯುವುದು ಹೇಗೆ. ಬಲೆಯ ಪೊಟ್ಟಣದ ಮೇಲೆ ಕಂಪನಿ ಮತ್ತು ಲಾಟ್ ನಂಬರ್ ಇರುವ ಚೀಟಿ ಬರುತ್ತದೆ. ಅದರ ಒಂದು ಪ್ರತಿ ಕೇಳಿ ಪಡೆಯಿರಿ. ಸಹಿ ಹಾಕುವ ಗಂಡ, ಮಗ, ಅಳಿಯಂದಿರಿಗೂ ಈ ಮಾತು.

ಇಂಥ ಸಾಧನಗಳಿಂದಾದ ತೊಂದರೆ ದಾಖಲಿಸಲು ನಮ್ಮ ದೇಶದಲ್ಲೂ 2015ರ ಜುಲೈ 6ರಿಂದ ಮೆಟೀರಿಯೊವಿಜಿಲೆನ್ಸ್ ಎಂಬ ಸರ್ಕಾರಿ ಕಾರ್ಯಕ್ರಮ ಇದೆ. ರೋಗಿಯೇ ದೂರು ಕೊಡಬಹುದು. ಉಚಿತ ಸಹಾಯವಾಣಿ 1800-180-3024. ಹೇಳದಿದ್ದರೆ ಲೆಕ್ಕದಲ್ಲಿ ನಾವು ಇಲ್ಲ.

ದೊಡ್ಡಮ್ಮನ ಹೊರಬಂದ ಬಲೆಯ ತುಂಡನ್ನು ತೆಗೆದರು. ರಕ್ತ ನಿಂತಿತು. ತುಂಬಾ ಹೊತ್ತು ಕುಳಿತರೆ ನೋವು ಈಗಲೂ ಇದೆ, ಬೀಡಿ ಅರ್ಧಕ್ಕೆ ಇಳಿದಿದೆ. ಉಳಿದ ಬಲೆ ಒಳಗೇ ಇದೆ. ಯಾವ ಕಂಪನಿಯದ್ದು ಎಂದು ನಮಗೆ ಎಂದೂ ಗೊತ್ತಾಗುವುದಿಲ್ಲ.

ಆ ದಿನ ಡಿಸ್‌ಚಾರ್ಜ್ ಕಾಗದ ಕೈಗೆ ಕೊಟ್ಟಾಗ ದೊಡ್ಡಮ್ಮ ಅದನ್ನು ಸೆರಗಿನಲ್ಲಿ ಒರೆಸಿ, ಮಡಚದೆ ನನಗೆ ಕೊಟ್ಟರು. "ಡಿಕ್ಲರೇಷನ್ ಕಾಗದದ ಒಟ್ಟಿಗೇ ಇಡು ಮಗಾ. ಇದೂ ನಂದೇ ಜಾಗದ್ದಲ್ವಾ?"