ಕಲ್ಯಾಣದ ಜೋಡು

ಮದುವೆಯ ಚಪ್ಪಲಿ ಎಂದರೆ ಲೋಕದ ಹಲವು ಕಡೆ ಶುಭದ ಗುರುತು, ಇಲ್ಲವೇ ನಗೆಯಾಟದ ವಸ್ತು. ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಮಾತ್ರ ಒಂದು ಜೊತೆ ಚಮ್ಮಾವುಗೆಯ ಕತೆ ಒಂದು ಮದುವೆಗೆ ದಾರಿಯಾಯಿತು. ಆ ಮದುವೆಯ ಬಿಸಿ ಎಂಟೂವರೆ ಶತಮಾನ ಕಳೆದರೂ ಆರಿಲ್ಲ.

ಕಾಲಿಗೆ ಮೆಟ್ಟುವ ವಸ್ತುವಿಗೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ಚಪ್ಪಲಿ, ಮೆಟ್ಟು, ಕೆರ, ಎಕ್ಕಡ, ಪಾಪಾಸು, ಪಾದುಕೆ, ಹಾವುಗೆ ಹೀಗೆ ಪಟ್ಟಿ ಬೆಳೆಯುತ್ತದೆ. ಉತ್ತರ ಕರ್ನಾಟಕದವರ ಬಾಯಲ್ಲಿ ಅದು ‘ಜೋಡು’. ಜೋಡು ಎಂದರೆ ಎರಡು ಕೂಡಿದ್ದು ಎಂಬ ಅರ್ಥವೂ ಉಂಟು. ಒಂಟಿ ಎತ್ತಿನಿಂದ ಬೇಸಾಯವಿಲ್ಲ, ಒಂಟಿ ಚಪ್ಪಲಿಯಿಂದ ನಡಿಗೆಯಿಲ್ಲ. ಹಾಗೆಯೇ ‘ಕಲ್ಯಾಣ’ ಎಂದರೆ ಮದುವೆಯೂ ಹೌದು, ಒಂದು ಊರೂ ಹೌದು. ಈ ಎರಡು ಮಾತುಗಳು ನಿಜವಾಗಿ ಒಂದನ್ನೊಂದು ಕೂಡಿದ್ದು ಇಂದು ಬಸವಕಲ್ಯಾಣ ಎಂದು ಕರೆಯುವ ಹಳೆಯ ರಾಜಧಾನಿಯಲ್ಲಿ.

ಮಿತಾಕ್ಷರದ ಊರು

ಬೀದರ ನಗರವಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ದಿಬ್ಬ ಇಳಿದು ಹುಮನಾಬಾದ ದಾರಿ ಹಿಡಿದರೆ ಮಣ್ಣಿನ ಬಣ್ಣ ಬದಲಾಗುತ್ತದೆ. ತೊಗರಿ, ಕಡಲೆ, ಜೋಳ, ಸೋಯಾ, ಕಬ್ಬು ಬೆಳೆಯುವ ಕಪ್ಪು ನೆಲ ಎರಡೂ ಕಡೆ ಹರಡಿಕೊಳ್ಳುತ್ತದೆ. ಸುಮಾರು 80 ಕಿಲೋಮೀಟರು ಕ್ರಮಿಸಿದರೆ ಬಸವಕಲ್ಯಾಣ.

11ನೆಯ ಶತಮಾನದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ಊರಿನ ಕೀರ್ತಿ ಕಾಶ್ಮೀರದವರೆಗೆ ಹಬ್ಬಿ, ಅಲ್ಲಿನ ಕವಿ ಬಿಲ್ಹಣ ಇಲ್ಲಿಯ ಆಸ್ಥಾನ ಸೇರಿದ. ಅದೇ ಆಸ್ಥಾನದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಯಾರ ಆಸ್ತಿ ಯಾರಿಗೆ, ಯಾವ ಮದುವೆಗೆ ಮಾನ್ಯತೆ, ಯಾವುದಕ್ಕಿಲ್ಲ ಎಂಬುದಕ್ಕೆಲ್ಲ ಅದು ಆಧಾರಗ್ರಂಥವಾಯಿತು. ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಅದನ್ನೇ ಮುಂದಿಟ್ಟುಕೊಂಡು ತೀರ್ಪು ಕೊಟ್ಟವು.

ಮದುವೆಯ ಕಟ್ಟಳೆಗಳನ್ನು ವಿವರಿಸಿದ ಗ್ರಂಥ ಹುಟ್ಟಿದ ಊರಿನಲ್ಲಿಯೇ ಆ ಕಟ್ಟಳೆಗಳನ್ನು ಮೀರಿದ ಮದುವೆಯೂ ನಡೆಯಿತು. ಅಷ್ಟು ಹೊತ್ತಿಗೆ ಸಿಂಹಾಸನ ಚಾಲುಕ್ಯರ ಕೈತಪ್ಪಿ ಕಳಚುರಿ ಬಿಜ್ಜಳನ ವಶವಾಗಿತ್ತು. ಬಸವಣ್ಣ ಅವನ ಭಂಡಾರಿಯಾಗಿದ್ದ.

ಒಂದು ಶರಣು, ಎರಡು ಶರಣು

ಹರಳಯ್ಯ ಸಮಗಾರ ಕುಲದಲ್ಲಿ ಹುಟ್ಟಿದವನು. ಜೋಡು ಹೊಲಿಯುವುದು ಅವನ ಕಾಯಕ. ಹೆಂಡತಿ ಕಲ್ಯಾಣಮ್ಮ. ಬೀದರ, ಭಾಲ್ಕಿ, ಔರಾದ ಸೀಮೆಯ ಹಿರಿಯರು ಮೊಮ್ಮಕ್ಕಳಿಗೆ ಇಂದಿಗೂ ಹೇಳುವ ಕತೆ ಹೀಗಿದೆ.

ಒಂದು ದಿನ ದಾರಿಯಲ್ಲಿ ಎದುರಾದ ಬಸವಣ್ಣನಿಗೆ ಹರಳಯ್ಯ ‘ಶರಣು’ ಎಂದ. ಬಸವಣ್ಣ ತಿರುಗಿ ‘ಶರಣು ಶರಣಾರ್ಥಿ’ ಎಂದ. ತಾನು ಒಮ್ಮೆ ಶರಣೆಂದರೆ ಅಣ್ಣ ಎರಡು ಬಾರಿ ಎಂದನಲ್ಲ, ಹೆಚ್ಚಿನ ಆ ಒಂದು ಶರಣಿನ ಭಾರ ತನ್ನ ತಲೆಯ ಮೇಲೆ ಉಳಿಯಿತಲ್ಲ ಎಂದು ಹರಳಯ್ಯ ಕಂಗಾಲಾದ. ರಾಜ್ಯದ ಭಂಡಾರಿ ಸಮಗಾರನಿಗೆ ಕೈಮುಗಿಯುವುದೇ ಅಚ್ಚರಿಯಾಗಿದ್ದ ಕಾಲವದು. ಈ ಋಣ ತೀರಿಸುವುದು ಹೇಗೆ? ಗಂಡಹೆಂಡಿರಿಬ್ಬರೂ ಆಲೋಚಿಸಿ ತಮ್ಮ ತಮ್ಮ ತೊಡೆಯ ಚರ್ಮವನ್ನೇ ತೆಗೆದು, ಹದ ಮಾಡಿ, ಬಸವಣ್ಣನಿಗೆಂದು ಒಂದು ಜೊತೆ ಚಮ್ಮಾವುಗೆ ಹೊಲಿದರು. ಒಂದು ಗಂಡನ ಚರ್ಮದ್ದು, ಇನ್ನೊಂದು ಹೆಂಡತಿಯ ಚರ್ಮದ್ದು. ದಾಂಪತ್ಯಕ್ಕೆ ಇದಕ್ಕಿಂತ ನೇರವಾದ ಉಪಮೆ ಸಿಗುವುದು ಕಷ್ಟ.

ಬಸವಣ್ಣ ಅದನ್ನು ಮೆಟ್ಟಲಿಲ್ಲ. ಇದನ್ನು ಧರಿಸುವ ಯೋಗ್ಯತೆ ತನಗಿಲ್ಲವೆಂದು ತಲೆಯ ಮೇಲಿಟ್ಟುಕೊಂಡು, ಮತ್ತೆ ಹರಳಯ್ಯನ ಕೈಗೇ ಕೊಟ್ಟ. ರಾಮನ ಪಾದುಕೆಯನ್ನು ಭರತ ತಲೆಯ ಮೇಲೆ ಹೊತ್ತದ್ದನ್ನು ನಾಡೆಲ್ಲ ಬಲ್ಲದು. ಅದು ರಾಜಕುಮಾರನೊಬ್ಬನ ಪಾದುಕೆ. ಇಲ್ಲಿ ತಲೆಗೇರಿದ್ದು ಮೆಟ್ಟಿದವನ ಹಿರಿಮೆಯಿಂದಲ್ಲ, ಹೊಲಿದವರ ಹಿರಿಮೆಯಿಂದ.

ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಮರಳುವ ದಾರಿಯಲ್ಲಿ ಮಂತ್ರಿ ಮಧುವರಸ ಎದುರಾದ. ಹುಟ್ಟಿನಿಂದ ಬ್ರಾಹ್ಮಣ. ಇಷ್ಟು ಚೆಂದದ ಜೋಡು ಸಮಗಾರನ ಕೈಯಲ್ಲೇಕೆ ಎಂದು ಕಸಿದು ಮೆಟ್ಟಿದ. ಮೆಟ್ಟಿದೊಡನೆ ಮೈಯೆಲ್ಲ ಉರಿ. ಯಾವ ವೈದ್ಯನಿಂದಲೂ ಆರದ ಆ ಉರಿ, ಹರಳಯ್ಯನ ಮನೆಯ ನೀರು ಮೈಮೇಲೆ ಬಿದ್ದ ಮೇಲೆ ಆರಿತಂತೆ. ಮುಟ್ಟಬಾರದೆಂದು ದೂರ ಇಟ್ಟಿದ್ದ ಮನೆಯ ನೀರೇ ಮದ್ದಾಯಿತು. ಮಧುವರಸ ಶರಣನಾದ.

ಇದು ನಂಬಿಕೆಯ ಕತೆ, ಇತಿಹಾಸದ ದಾಖಲೆಯಲ್ಲ. ಆದರೆ ಕತೆ ಕಟ್ಟಿದವರು ಏನು ಹೇಳಹೊರಟಿದ್ದರು ಎಂಬುದರಲ್ಲಿ ಗೊಂದಲವಿಲ್ಲ.

ಲಗ್ನದ ಬೆಲೆ

ಹೀಗೆ ಹತ್ತಿರವಾದ ಎರಡು ಮನೆಗಳು ಬೀಗರಾಗಲು ನಿಶ್ಚಯಿಸಿದವು. ಹರಳಯ್ಯನ ಮಗ ಶೀಲವಂತನಿಗೆ ಮಧುವರಸನ ಮಗಳನ್ನು ಕೊಟ್ಟು ಲಗ್ನವಾಯಿತು. ಶರಣರ ವಾದ ಸರಳವಾಗಿತ್ತು: ಲಿಂಗ ಕಟ್ಟಿದ ಮೇಲೆ ಇಬ್ಬರಿಗೂ ಹಿಂದಿನ ಕುಲವಿಲ್ಲ, ಆದ್ದರಿಂದ ಇಲ್ಲಿ ಕುಲಸಂಕರದ ಪ್ರಶ್ನೆಯೇ ಇಲ್ಲ. ಶಾಸ್ತ್ರ ಹಿಡಿದವರ ಲೆಕ್ಕ ಬೇರೆ. ಮೇಲಿನ ವರ್ಣದ ಹೆಣ್ಣು, ಕೆಳಗಿನ ಗಂಡು. ಅದು ಪ್ರತಿಲೋಮ, ಸಹಿಸಲಾಗದ ಅಪರಾಧ. ದೂರು ಬಿಜ್ಜಳನಿಗೆ ಮುಟ್ಟಿತು.

ಶಿಕ್ಷೆ ಘೋರವಾಗಿತ್ತು. ಹರಳಯ್ಯ, ಮಧುವರಸರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಜನರ ನೆನಪು ಹೇಳುತ್ತದೆ. ಆ ಶಿಕ್ಷೆಗೆ ‘ಎಳೆಹೂಟೆ’ ಎಂದು ಹೆಸರು. 13ನೆಯ ಶತಮಾನದ ಪಾಲ್ಕುರಿಕಿ ಸೋಮನಾಥನ ತೆಲುಗು ‘ಬಸವ ಪುರಾಣ’ದಲ್ಲಿ ಇಬ್ಬರ ಕಣ್ಣು ಕೀಳಿಸಿದ ಪ್ರಸಂಗವಿದೆ. ಮದುವೆಯ ವಿವರ ಮಾತ್ರ ಎಲ್ಲ ಹಳೆಯ ಕಾವ್ಯಗಳಲ್ಲಿ ಒಂದೇ ರೀತಿಯಲ್ಲಿ ಬರುವುದಿಲ್ಲ. ನಂತರದ್ದು ಎಲ್ಲರಿಗೂ ಗೊತ್ತು. 1167ರ ಸುಮಾರಿಗೆ ಬಿಜ್ಜಳನ ಕಾಲ ಮುಗಿಯಿತು. ಬಸವಣ್ಣ ಕೂಡಲಸಂಗಮಕ್ಕೆ ನಡೆದ. ಚನ್ನಬಸವಣ್ಣನೊಂದಿಗೆ ಹೊರಟ ಶರಣರು ವಚನಗಳ ಕಟ್ಟು ಹೊತ್ತು ಉಳವಿಯ ಕಾಡು ಸೇರಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಕತೆಯಲ್ಲಿ ಅಪ್ಪಂದಿರು ನೆನಪಾಗುತ್ತಾರೆ, ಅರಸ ನೆನಪಾಗುತ್ತಾನೆ, ಚಮ್ಮಾವುಗೆಯಂತೂ ಮರೆಯುವುದೇ ಇಲ್ಲ. ಮದುಮಗಳ ಹೆಸರು ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ. ಒಂದು ಕಡೆ ಲಾವಣ್ಯ, ಇನ್ನೊಂದು ಕಡೆ ಲಾವಣ್ಯವತಿ. 1990ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕದಲ್ಲಿ ಕಲಾವತಿ. ಯಾರ ಲಗ್ನಕ್ಕಾಗಿ ಊರು ಉರಿಯಿತೋ ಅವಳ ಮನಸ್ಸಿನಲ್ಲಿ ಏನಿತ್ತೆಂದು ಕೇಳಿದವರು ಕಡಿಮೆ.

ಚೀನಾದ ಕೆಂಪು ಜೋಡು

ಮದುವೆಗೂ ಪಾದರಕ್ಷೆಗೂ ನಂಟು ಕಟ್ಟಿದ್ದು ಕಲ್ಯಾಣದ ಕತೆಯೊಂದೇ ಅಲ್ಲ. ಚೀನೀ ಭಾಷೆಯಲ್ಲಿ ಪಾದರಕ್ಷೆಗೆ ‘ಷಿಯೆ’ ಎನ್ನುತ್ತಾರೆ. ಸಾಮರಸ್ಯ ಎಂಬರ್ಥದ ಇನ್ನೊಂದು ಪದದ ಉಚ್ಚಾರವೂ ಅದೇ. ನಮ್ಮ ‘ಜೋಡು’ ಎಂಬ ಮಾತಿನ ಹಾಗೆಯೇ ಅಲ್ಲಿಯೂ ಒಂದು ದನಿಯಲ್ಲಿ ಎರಡು ಅರ್ಥ! ಆದ್ದರಿಂದ ಅಲ್ಲಿಯ ಮದುವೆಗಳಲ್ಲಿ ಪಾದರಕ್ಷೆ ಮಂಗಳವಸ್ತು. ತಾಮ್ರಕ್ಕೆ ‘ತುಂಗ್’ ಎಂದೂ, ಜೊತೆಯಾಗಿ ಎನ್ನುವುದಕ್ಕೂ ಅದೇ ದನಿಯೆಂದೂ ಕಂಚಿನ ಕನ್ನಡಿಯ ಪಕ್ಕದಲ್ಲಿ ಜೋಡು ಇಟ್ಟು, ಇಬ್ಬರೂ ಕೂಡಿ ಸಾಮರಸ್ಯದಿಂದ ಬಾಳಲಿ ಎಂದು ಹರಸುವುದು ಹಳೆಯ ಪದ್ಧತಿ.

ಮದುಮಗಳ ಜೋಡು ಕೆಂಪು ರೇಶಿಮೆಯದು. ಅದರ ಮೇಲೆ ಜೋಡಿ ಬಾತುಕೋಳಿ, ಕಮಲದ ಹೂವುಗಳ ಕಸೂತಿ. ತವರಿನಿಂದ ಹೊರಡುವಾಗ ಅವಳ ಕಾಲು ನೆಲಕ್ಕೆ ತಾಗಬಾರದೆಂದು ಅಣ್ಣನೋ ತಮ್ಮನೋ ಬೆನ್ನ ಮೇಲೆ ಹೊತ್ತು ಪಲ್ಲಕ್ಕಿಗೆ ಮುಟ್ಟಿಸುತ್ತಿದ್ದರು. ಅತ್ತೆಮಾವಂದಿರಿಗೆ ಸೊಸೆ ತನ್ನ ಕೈಯಾರೆ ಹೊಲಿದ ಜೋಡು ಒಯ್ಯುವುದೂ ರೂಢಿಯಲ್ಲಿತ್ತು. ಅವಳ ಕಸೂತಿಯಲ್ಲೇ ಅವಳ ಜಾಣತನದ ಪರೀಕ್ಷೆ. ಈ ಚೆಲುವಿನ ಹಿಂದೆ ನೋವೂ ಇತ್ತು. ಎಳೆಯ ಹೆಣ್ಣುಮಕ್ಕಳ ಪಾದವನ್ನು ಬಿಗಿದು ಕಟ್ಟಿ, ಎಲುಬು ಮುರಿದು, ಮೂರಂಗುಲದ ‘ಚಿನ್ನದ ತಾವರೆ’ ಮಾಡುವ ಪದ್ಧತಿ ನೂರಾರು ವರ್ಷ ನಡೆಯಿತು. ಪಾದ ಚಿಕ್ಕದಾದಷ್ಟೂ ಒಳ್ಳೆಯ ಸಂಬಂಧ. 1912ರಲ್ಲಿ ಹೊಸ ಗಣರಾಜ್ಯ ಸರಕಾರ ಅದನ್ನು ನಿಷೇಧಿಸಿದರೂ ಹಳ್ಳಿಗಳಲ್ಲಿ ಪೂರ್ತಿ ನಿಲ್ಲಲು ಮತ್ತೆ ಕೆಲವು ದಶಕ ಹಿಡಿಯಿತು.

ಇಂದು ಉಳಿದಿರುವುದು ನಗೆಯಾಟ. ಚೀನಾದಲ್ಲಿ ಮದುಮಗಳ ಜೋಡನ್ನು ಗೆಳತಿಯರು ಅಡಗಿಸಿಡುತ್ತಾರೆ. ವರ ಅದನ್ನು ಹುಡುಕಿ ತೊಡಿಸಿದ ಮೇಲೆಯೇ ದಿಬ್ಬಣ ಹೊರಡುವುದು. ಉತ್ತರ ಭಾರತದಲ್ಲಿ ಅಡಗುವುದು ವರನ ಜೋಡು; ನಾದಿನಿಯರು ಹಣ ಕೇಳಿ ಮರಳಿಸುತ್ತಾರೆ. 1994ರ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾ ಈ ಆಟವನ್ನು ದೇಶಕ್ಕೆಲ್ಲ ಪರಿಚಯಿಸಿತು. ನಮ್ಮ ಬ್ರಾಹ್ಮಣರ ಮದುವೆಗಳಲ್ಲಿ ಕೊಡೆ, ಊರುಗೋಲು, ಹೊಸ ಪಾದರಕ್ಷೆಯೊಂದಿಗೆ ‘ಕಾಶಿಗೆ ಹೋಗುತ್ತೇನೆ’ ಎಂದು ಹೊರಡುವ ವರನನ್ನು ಹೆಣ್ಣಿನ ಕಡೆಯವರು ತಡೆದು ಕರೆತರುತ್ತಾರೆ. ಮಗಳಿಗೆ ವರ ಹುಡುಕಿ ಚಪ್ಪಲಿ ಸವೆಯಿತು ಎನ್ನುವ ಮಾತಂತೂ ಮನೆಮನೆಯದು.

ಈ ಎಲ್ಲ ಕಡೆಯೂ ಜೋಡು ‘ಕೂಡಿ ಬಾಳಿ’ ಎನ್ನುತ್ತದೆ. ಯಾರು ಯಾರೊಡನೆ ಕೂಡಬಹುದು ಎಂದು ಕೇಳಿದ್ದು ಕಲ್ಯಾಣದ ಜೋಡು.

ಕಾನೂನಿನ ಒಂದೇ ಸಾಲು

ಆ ಪ್ರಶ್ನೆಗೆ ದೇಶದ ಕಾನೂನು ಉತ್ತರ ಕೊಟ್ಟದ್ದು ಬಹಳ ತಡವಾಗಿ. ಬೇರೆ ಬೇರೆ ಜಾತಿಯವರೆಂಬ ಕಾರಣಕ್ಕೆ ಹಿಂದೂಗಳ ಮದುವೆ ಅಸಿಂಧುವಾಗದು ಎಂಬ ಕಾಯ್ದೆ ಬಂದದ್ದು 1949ರಲ್ಲಿ. ಮರುವರ್ಷ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಮಾಡಿತು. ವಿಶೇಷ ವಿವಾಹ ಕಾಯ್ದೆ 1954ರದು, ಹಿಂದೂ ವಿವಾಹ ಕಾಯ್ದೆ 1955ರದು. ಹರಳಯ್ಯನ ಮಗನ ಲಗ್ನಕ್ಕೆ ಕಾನೂನಿನ ಮುದ್ರೆ ಬೀಳಲು ಎಂಟು ಶತಮಾನಗಳೇ ಬೇಕಾದವು ಎನ್ನಬಹುದು.

ಇನ್ನೂ ಒಂದು ಸಂಗತಿ ಶಾಲೆಯ ಮಕ್ಕಳು ತಿಳಿಯಬೇಕಾದದ್ದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯನ್ನು 2015ರಲ್ಲಿ ತಿದ್ದಿದರು. ತಿದ್ದುಪಡಿ 2016ರ ಜನವರಿ 26ರಂದು ಜಾರಿಗೆ ಬಂತು. ಸಾರ್ವಜನಿಕ ಸ್ಥಳದಲ್ಲಿ ಅವರು ಪಾದರಕ್ಷೆ ಧರಿಸದಂತೆ, ಹೊಸ ಬಟ್ಟೆ ಉಡದಂತೆ ತಡೆಯುವುದು, ಮದುವೆಯ ಮೆರವಣಿಗೆಗೆ, ಮದುಮಗ ಕುದುರೆ ಏರುವುದಕ್ಕೆ ಅಡ್ಡಿಮಾಡುವುದು ಅಪರಾಧ ಎಂದು ಅದರಲ್ಲಿ ಬರೆದಿದೆ. ಪಾದರಕ್ಷೆ ಮತ್ತು ಮದುವೆ, ಎರಡೂ ಕಾನೂನಿನ ಒಂದೇ ಸಾಲಿನಲ್ಲಿ! ಮೇಲಿನ ಕೇರಿ ದಾಟುವವರೆಗೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆದ ತಲೆಮಾರುಗಳ ನೆನಪು ಆ ಸಾಲಿನ ಹಿಂದಿದೆ. ಊರಿಗೆಲ್ಲ ಜೋಡು ಹೊಲಿದು ಕೊಟ್ಟವರಿಗೆ ತಾವು ಮೆಟ್ಟಿ ನಡೆಯಲು ಕಾಯ್ದೆಯ ಕಾವಲು ಬೇಕಾಯಿತು.

ಭಾಲ್ಕಿಯ ಅಜ್ಜನ ದಾರಿ

ಈ ನೆಲದಲ್ಲಿ ಆ ಹಳೆಯ ಕನಸನ್ನು ಮತ್ತೆ ಎತ್ತಿ ನಿಲ್ಲಿಸಿದವರಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಹೆಸರು ದೊಡ್ಡದು. ಔರಾದ ಸೀಮೆಯ ಕಮಲನಗರದಲ್ಲಿ ಹುಟ್ಟಿ, ನೂರರ ಗಡಿ ದಾಟಿ, 1999ರಲ್ಲಿ ಲಿಂಗೈಕ್ಯರಾದವರು. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿ, ಒಳಗೆ ಕನ್ನಡ ಕಲಿಸಿದ ಅವರ ಸಾಹಸ ಈ ಭಾಗದಲ್ಲಿ ಮನೆಮಾತು. ಜಾತಿ ಕೇಳದೆ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಅವರೇ ಬಸವಕಲ್ಯಾಣದಲ್ಲಿ ಅನುಭವ ಮಂಟಪ ಕಟ್ಟಿಸಿದರು. ಬಸವ ಪರಂಪರೆಯ ಮಠಗಳಲ್ಲಿ ಮುಹೂರ್ತ ನೋಡದೆ, ವಚನಗಳ ಸಾಕ್ಷಿಯಲ್ಲಿ ನಡೆಯುವ ‘ವಚನ ಮಾಂಗಲ್ಯ’ದ ಮದುವೆಗಳೂ ಇದೇ ದಾರಿಯವು.

ಬಸವಕಲ್ಯಾಣದ ಸುತ್ತ ಶರಣರ ಹೆಸರಿನ ಗವಿಗಳಿವೆ. ಅಕ್ಕನಾಗಮ್ಮನದು, ನುಲಿಯ ಚಂದಯ್ಯನದು, ಹರಳಯ್ಯನದು. ಬಂದವರು ಪದ್ಧತಿಯಂತೆ ಚಪ್ಪಲಿಯನ್ನು ಹೊರಗೆ ಬಿಟ್ಟೇ ಒಳಗೆ ಹೋಗುತ್ತಾರೆ. ಚಪ್ಪಲಿ ಹೊಲಿಯುವವನ ಗವಿಗೂ ಅದೇ ನಿಯಮ! ಬಾಗಿಲ ಮುಂದಿನ ಆ ರಾಶಿಯಲ್ಲಿ ಯಾವ ಜೋಡು ಯಾವ ಜಾತಿಯವರದು ಎಂದು ಯಾರೂ ಗುರುತಿಸಲಾರರು. ಅದೇ ಮಾತನ್ನು ಮನೆಯ ಲಗ್ನಪತ್ರಿಕೆಯ ಬಗ್ಗೆ ಹೇಳುವ ಧೈರ್ಯ ಎಷ್ಟು ಮಂದಿಗಿದೆ? ಮಕ್ಕಳಿಗೆ ಬಸವಣ್ಣನ ಪಾಠ ಓದಿಸುವ ತಂದೆತಾಯಿಗಳಿಗೆ, ಆ ಮಕ್ಕಳು ಬೆಳೆದು ತಮ್ಮ ಸಂಗಾತಿಯನ್ನು ಕರೆತಂದ ದಿನ ಪರೀಕ್ಷೆ ಎದುರಾಗುತ್ತದೆ. ಮಧುವರಸ ಪಾಸಾದ ಪರೀಕ್ಷೆ ಅದು.

ಹೋಗುವವರಿಗೆ

ಬೀದರದಿಂದ ಹುಮನಾಬಾದ ಮಾರ್ಗವಾಗಿ, ಇಲ್ಲವೇ ಭಾಲ್ಕಿಯ ಮೇಲೆ ಬಸ್ಸಿನಲ್ಲಿ ಬಸವಕಲ್ಯಾಣ ತಲುಪಬಹುದು. ಊರಿಗೆ ರೈಲಿಲ್ಲ, ಭಾಲ್ಕಿ, ಹುಮನಾಬಾದಗಳಲ್ಲಿ ನಿಲ್ದಾಣಗಳಿವೆ. ಕೋಟೆ, ತ್ರಿಪುರಾಂತಕ ಕೆರೆ, ಪರುಷಕಟ್ಟೆ, ಅನುಭವ ಮಂಟಪ, 108 ಅಡಿಯ ಬಸವಣ್ಣನ ಮೂರ್ತಿ, ಶರಣರ ಗವಿಗಳು ಇವನ್ನೆಲ್ಲ ನೋಡಲು ಒಂದು ಪೂರ್ತಿ ದಿನ ಬೇಕು. ಮಳೆಗಾಲ ಮುಗಿದ ಮೇಲೆ, ಬಿಸಿಲು ಏರುವ ಮೊದಲು ಹೋಗುವುದು ಒಳ್ಳೆಯದು. ಹೊರಡುವ ಮುನ್ನ ಮಕ್ಕಳಿಗೆ ಹರಳಯ್ಯನ ಕತೆಯನ್ನು ಹೇಳಿದ್ದರೆ, ಗವಿಯ ಮುಂದೆ ನಿಂತಾಗ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ.