ಪಡೆಯುವ ಕೈ

ಶರಣರ ಮಾತಿನಲ್ಲಿ ‘ನಡೆ’ ಎಂಬ ಪದಕ್ಕೆ ಎರಡು ಅರ್ಥ. ಒಂದು ಕಾಲಿನ ನಡೆ, ಇನ್ನೊಂದು ಬಾಳಿನ ನಡೆ. ಉಡುತಡಿಯ ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ನಡೆದೇ ಬಂದರು. ಅಲ್ಲಿಂದ ಶ್ರೀಶೈಲದ ಕದಳಿಗೂ ನಡೆದೇ ಹೋದರು. ಆ ದೀರ್ಘ ಹಾದಿಯಲ್ಲಿ ಅವರಿಗೆ ಅನ್ನವಿಟ್ಟವರು ಯಾರು, ಮಳೆ ಬಂದಾಗ ಅವರು ನಿಂತದ್ದು ಯಾರ ಜಗುಲಿಯಲ್ಲಿ ಎಂಬ ಪ್ರಶ್ನೆ ಮನೆಯಲ್ಲಿ ಕುಳಿತು ವಚನ ಓದುವವರಿಗೆ ಹೊಳೆಯುವುದು ಕಡಿಮೆ.

2022ರ ಆಷಾಢದಲ್ಲಿ 14 ಮಂದಿ ಶರಣ ಬಂಧುಗಳು ಉಡುತಡಿಯಿಂದ ಬಸವಕಲ್ಯಾಣಕ್ಕೆ ಸೈಕಲ್ ಯಾತ್ರೆ ಹೊರಟರು. ದಾರಿ 500 ಕಿಲೋಮೀಟರಿಗೂ ಹೆಚ್ಚು. ಮೊದಲ ದಿನದ ಬಿಡಾರ ಹಾವೇರಿ. ಅವರಲ್ಲಿ ಹಿರಿಯರೊಬ್ಬರಿದ್ದರು, ವಯಸ್ಸು 66. ಮೂವತ್ತು ವರ್ಷ ತಮ್ಮೂರಿನ ಮಠದ ದಾಸೋಹದಲ್ಲಿ ಸೌಟು ಹಿಡಿದು ನಿಂತವರು. ಪಂಕ್ತಿಯಲ್ಲಿ ಕುಳಿತವರ ಮುಖ ನೋಡದೆ, ಎಲೆಯನ್ನು ಮಾತ್ರ ನೋಡಿ ಬಡಿಸಬೇಕೆಂಬುದು ಅವರ ನಿಯಮವಾಗಿತ್ತು.

ಬೆಳಗಿನ ಲಿಂಗಪೂಜೆ ಮುಗಿಸಿ ಹೊರಡುವಾಗಲೇ ಪುನರ್ವಸು ಮಳೆ ಹಿಡಿದಿತ್ತು. ಅಲ್ಲಮಪ್ರಭುಗಳ ಬಳ್ಳಿಗಾವಿಗೆ ಬರುವಷ್ಟರಲ್ಲಿ ಎಲ್ಲರ ಹಣೆಯ ವಿಭೂತಿ ತೊಳೆದು ಹೋಗಿತ್ತು. ಮಳೆಯಲ್ಲಿ ಸೈಕಲ್ ಬೇರೆಯೇ ವಾಹನ. ಒದ್ದೆಯಾದ ಗಾಲಿಯ ಅಂಚನ್ನು ಬ್ರೇಕಿನ ರಬ್ಬರು ಕೂಡಲೇ ಹಿಡಿಯುವುದಿಲ್ಲ. ಮೊದಲು ನೀರನ್ನು ಒರೆಸಿ, ಅನಂತರ ಹಿಡಿಯುತ್ತದೆ. ಆದ್ದರಿಂದ ನಿಲ್ಲಬೇಕಾದ ಜಾಗಕ್ಕಿಂತ ಬಹಳ ಮುಂಚೆಯೇ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಬರಬೇಕು. ಚೈನಿನ ಎಣ್ಣೆ ತೊಳೆದುಹೋಗಿ ಕಿರುಗುಟ್ಟತೊಡಗುತ್ತದೆ. ಮುಂದಿನವರ ಹಿಂದಿನ ಗಾಲಿ ಎರಚುವ ಕೆಸರು ನೇರವಾಗಿ ಕಣ್ಣಿಗೆ ಬೀಳುವುದರಿಂದ ಹತ್ತಿರ ಹೋಗುವಂತಿಲ್ಲ. ಹೀಗಾಗಿ ಒಬ್ಬರಿಂದೊಬ್ಬರು ದೂರವಾಗುತ್ತಾ ಹೋಗುತ್ತಾರೆ. ಕೊನೆಯವರು ಕಣ್ಣಿಗೆ ಕಾಣುವಷ್ಟು ಅಂತರದಲ್ಲೇ ಎಲ್ಲರೂ ಸಾಗಬೇಕೆಂದು ಉಡುತಡಿಯಲ್ಲಿ ಮಾಡಿಕೊಂಡಿದ್ದ ಒಪ್ಪಂದ ಶಿರಾಳಕೊಪ್ಪ ದಾಟುವ ಮೊದಲೇ ಸಡಿಲವಾಯಿತು. ಇದರಲ್ಲಿ ಯಾರದೂ ದುರುದ್ದೇಶವಿರಲಿಲ್ಲ. ನೆನೆದ ದೇಹಕ್ಕೆ ನಿಂತರೆ ಚಳಿ, ಓಡಿದರೆ ಬಿಸಿ, ಬಲವಿದ್ದವರು ಓಡಿದರು. ಸಾಮಾನು ಹೊತ್ತ ಟೆಂಪೊ ಕೂಡ ಅವರ ಜೊತೆಗೇ ಮುಂದೆ ಹೋಯಿತು.

ಹಿರೇಕೆರೂರು ಕಳೆದ ಮೇಲೆ ಹಿರಿಯರ ಬೆರಳುಗಳು ಮರಗಟ್ಟಿ ಬ್ರೇಕು ಒತ್ತಲಾರದಾದವು. ಜೊತೆಯಲ್ಲಿ ಕಾಲೇಜು ಓದುವ ಇಬ್ಬರು ಹುಡುಗರು ಮಾತ್ರ ಇದ್ದರು. ಎರಡೂ ಬದಿಗೆ ಗೋವಿನಜೋಳದ ಎಳೆಯ ಪೈರು ನೀರಲ್ಲಿ ನಿಂತಿತ್ತು. ರಸ್ತೆಯ ಪಕ್ಕದ ತಗಡಿನ ಮನೆಯೊಂದರ ಬಾಗಿಲಲ್ಲಿ ನಿಂತಿದ್ದ ತಾಯಿ ಕೂಗಿ ಕರೆದಳು: “ಇಂಥಾ ಮಳ್ಯಾಗ ಎಲ್ಲಿಗ್ರಿ ಅಜ್ಜಾರ? ಒಳಗ ಬರ್ರಿ, ಹುಡುಗ್ರು ನಡಗಾಕತ್ತಾರ.”

ಹುಡುಗರು ಒಳಗೆ ಹೋದರು. ಒಲೆಯ ಮುಂದೆ ಚಾಪೆ ಬಿತ್ತು. ಹಿರಿಯರು ಹೊಸ್ತಿಲಲ್ಲೇ ನಿಂತರು. ನಿಂತು, “ಯವ್ವಾ, ನಿಮ್ಮ ಅಡ್ಡಹೆಸರೇನು?” ಎಂದು ಕೇಳಿದರು.

ನಮ್ಮ ಕಡೆಯಲ್ಲಿ ಈ ಪ್ರಶ್ನೆಯ ಒಳಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡ್ಡಹೆಸರು ಕೇಳುವುದು ಜಾತಿ ಕೇಳುವ ಸಭ್ಯ ವಿಧಾನ. ಆಕೆಗೂ ಅದು ತಿಳಿಯಿತು. ಕೈಯಲ್ಲಿ ಚಹಾದ ಲೋಟವಿತ್ತು. ಸಿಟ್ಟಿಲ್ಲದೆ, ಸಂಕೋಚವೂ ಇಲ್ಲದೆ ಹೇಳಿದಳು: “ಮಾದಾರ ಚೆನ್ನಯ್ಯನ ಮಂದಿರಿ ನಾವು. ಚಾ ಕುಡೀತೀರಿಲ್ರಿ?”

ದಾಸೋಹದ ವಿಚಾರ ಬಂದಾಗಲೆಲ್ಲ ನೀಡುವವನ ವಿನಯದ ಮಾತೇ ಪ್ರವಚನಗಳಲ್ಲಿ ಕೇಳಿಬರುತ್ತದೆ. ಪಡೆಯುವ ಕೈಯ ಬಗ್ಗೆ ಶರಣರು ಅಷ್ಟೇ ಕಟ್ಟುನಿಟ್ಟಾಗಿದ್ದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ಅಲ್ಲಿ ತಡೆದದ್ದು ಆಸೆಯನ್ನು. ಆದರೆ ಪಡೆಯುವ ಕೈಗೆ ಇನ್ನೊಂದು ರೋಗವುಂಟು. ಅದು ಆಸೆಯಲ್ಲ, ಬಿಗುಮಾನ. ಜೀವನವಿಡೀ ನೀಡಿದವರಿಗೇ ಅದು ಹೆಚ್ಚಾಗಿ ತಗಲುತ್ತದೆ. ಬಡಿಸುವಾಗ ಮುಖ ನೋಡದಿರುವುದು ಸುಲಭ. ಆಗ ಸೌಟು ನಮ್ಮ ಕೈಯಲ್ಲಿರುತ್ತದೆ. ಜಾತಿ ಕೇಳದೆ ಕರೆದ ಮನೆಯ ಹೊಸ್ತಿಲಲ್ಲಿ, ಸೌಟು ಇನ್ನೊಬ್ಬರ ಕೈಯಲ್ಲಿರುವಾಗ ಸುಮ್ಮನಿರುವುದು ಕಷ್ಟ. ಬಸವಣ್ಣನವರು ತಮ್ಮನ್ನು ಚೆನ್ನಯ್ಯನವರ ಮನೆಯ ಮಗನೆಂದು ಕರೆದುಕೊಂಡದ್ದನ್ನು ಆ ಹಿರಿಯರು ಎಷ್ಟೋ ಸಲ ವೇದಿಕೆಯ ಮೇಲೆ ಹೇಳಿದ್ದರು.

ಅವರು ಎರಡೂ ಕೈಯಿಂದ ಲೋಟ ತೆಗೆದುಕೊಂಡರು. ಬೆರಳಿಗೆ ಹಿಡಿತವಿರಲಿಲ್ಲವಾದ್ದರಿಂದ ಆಕೆ ತಳಕ್ಕೆ ಕೈ ಕೊಟ್ಟಳು. ಕುಡಿದ ಮೇಲೆ ಅವರ ಕೈ ತಾನಾಗಿ ಎದೆಗೆ ಹೋಯಿತು. ಲಿಂಗವಸ್ತ್ರ ಪೂರ್ತಿ ನೆನೆದು ನೀರು ಸೋರುತ್ತಿತ್ತು. ಅದನ್ನು ಕಂಡ ಆಕೆ ಏನನ್ನೂ ಕೇಳದೆ ಒಳಗೆ ಹೋಗಿ, ಟ್ರಂಕಿನಿಂದ ಮಡಿಕೆ ಮುರಿಯದ ಬಿಳಿಯ ಅರಿವೆ ತಂದು, ನೆಲದ ಮೇಲಿಟ್ಟು ದೂರ ಸರಿದಳು. ಹಿರಿಯರು ಬಾಗಿ ಅದನ್ನು ಎತ್ತಿ, ಮತ್ತೆ ಆಕೆಯ ಕೈಗೇ ಕೊಟ್ಟು, “ಕೈಯಿಂದ ಕೊಡವ್ವಾ” ಎಂದರು. ಕೊಟ್ಟಳು. ಅವರು ಒಲೆಯ ಮುಂದೆ ಕುಳಿತು ಇಷ್ಟಲಿಂಗವನ್ನು ಆ ಅರಿವೆಯಲ್ಲಿ ಕಟ್ಟಿಕೊಂಡರು.

ಟೆಂಪೊ ಹುಡುಕಿಕೊಂಡು ಬಂದಾಗ ಹೊತ್ತು ಇಳಿದಿತ್ತು. ಹಾವೇರಿಯವರೆಗಿನ ಉಳಿದ ದಾರಿಯನ್ನು ಹಿರಿಯರು ಅದರಲ್ಲೇ ಕಳೆದರು. ಬೆಳಿಗ್ಗೆಯಾಗಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ. ಮುಂದೆ ಓಡಿದ್ದವರು ರಾತ್ರಿ ಪ್ರಾರ್ಥನೆಯ ಹೊತ್ತಿಗೆ ತಲೆ ತಗ್ಗಿಸಿ ಕುಳಿತಿದ್ದರು, ಆದರೆ ಅವರನ್ನು ಯಾರೂ ಆಕ್ಷೇಪಿಸಲಿಲ್ಲ. ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಹಗ್ಗದ ಮೇಲೆ ಹರವಿದ್ದ ಹಳೆಯ ಲಿಂಗವಸ್ತ್ರ ಒಣಗಿದೆಯೆಂದು ಹುಡುಗನೊಬ್ಬ ತಂದುಕೊಟ್ಟ. ಹಿರಿಯರು ಅದನ್ನು ಮಡಚಿ ಚೀಲದಲ್ಲಿ ಹಾಕಿಕೊಂಡು, ಚೈನಿಗೆ ಎಣ್ಣೆ ಬಿಟ್ಟು, ಹುಬ್ಬಳ್ಳಿಯ ದಾರಿ ಹಿಡಿದರು.