ಅಂಗಳದ ವಿದ್ಯೆ

ಮಗಳು ತೋಟಗಾರಿಕೆಯನ್ನು ಓದುತ್ತಾಳೆಂದರೆ ಅಂಕೋಲೆಯ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು, ‘ಅದಕ್ಕೂ ಕಾಲೇಜು ಬೇಕೆ?’ ಎಂಬುದು. ಪ್ರಶ್ನೆ ಅನ್ಯಾಯದ್ದೇನಲ್ಲ. ಹಿತ್ತಿಲಲ್ಲಿ ಇಷಾಡು ಮಾವು, ಬಾವಿಯ ಬದಿಗೆ ಬಸಳೆಯ ಚಪ್ಪರ, ಅಂಗಳದಂಚಿಗೆ ಅಬ್ಬಲಿಗೆ – ಇವನ್ನೆಲ್ಲ ಬೆಳೆಸಿದ ಅಜ್ಜಿಯರು ಯಾವ ಪದವಿಯನ್ನೂ ಪಡೆದವರಲ್ಲ. ಅಂಕೋಲೆಯ ಕರಿ ಇಷಾಡಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಾಗ, ಆ ಹಣ್ಣನ್ನು ತಿಂದೇ ಬೆಳೆದವರು ಒಳಗೊಳಗೇ ನಕ್ಕಿರಬೇಕು.

ಆದರೂ ಹುಡುಗಿ ದೇವಿಮನೆ ಘಾಟಿಯನ್ನು ಏರಿ ಶಿರಸಿಗೆ ಹೋಗುತ್ತಾಳೆ. 2008ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜೊಂದು ಅಲ್ಲಿದೆ. ನಾಲ್ಕು ವರ್ಷಗಳ ಪದವಿ. ಕಸಿ, ಕೀಟ, ಮಣ್ಣು, ಮಾರುಕಟ್ಟೆಗಳ ನಡುವೆ ಉದ್ಯಾನ ವಿನ್ಯಾಸವೂ ಒಂದು ಪಾಠ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕ್ರುಂಬಿಗಲ್, ಒಂದು ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಗಳನ್ನು ಅಲಂಕರಿಸಿದ ಕಥೆ ಯಾರನ್ನು ಮೋಹಗೊಳಿಸದು? ಆದರೆ ಬೆಂಗಳೂರಿನ ಪಾಠ ಕಾರವಾರದ ಅಂಗಳದಲ್ಲಿ ಹಾಗೆಯೇ ಬೇರೂರುವುದಿಲ್ಲ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿನ ಆಸುಪಾಸು ಮಳೆ; ಅದರ ಬಹುಪಾಲು ನಾಲ್ಕೇ ತಿಂಗಳುಗಳಲ್ಲಿ. ಅನಂತರ ಚಿರೆಕಲ್ಲು ಕಾದ ಬಾಣಲೆ, ಮೇಲಾಗಿ ಉಪ್ಪುಗಾಳಿ.

ಕಾರವಾರದ ಕಡಲಂಚಿನ ಗಾಳಿಮರಗಳನ್ನೇ ನೋಡಿ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದ ತರುಣ ರವೀಂದ್ರನಾಥರು ಆ ತೋಪನ್ನು ಕಂಡು ಮನಸೋತರು; ಮುಂದೆ ತಮ್ಮ ಸ್ಮೃತಿಗಳಲ್ಲಿಯೂ ಅದನ್ನು ನೆನೆದರು. ಆದರೆ ಗಾಳಿಮರವನ್ನು ಈ ತೀರದಲ್ಲಿ ನೆಡತೊಡಗಿದ್ದು 1868ರ ಸುಮಾರಿಗೆ. ಕವಿ ಕಂಡ ಅರಣ್ಯಕ್ಕೆ ಹದಿನೈದು ವರ್ಷದ ಹರೆಯವೂ ತುಂಬಿತ್ತೋ ಇಲ್ಲವೋ! ಮನುಷ್ಯ ನೆಟ್ಟದ್ದು ಅಷ್ಟು ಬೇಗ ‘ಪ್ರಕೃತಿ’ಯಾಗಿಬಿಡುತ್ತದೆ. ಗಾಳಿಮರ ಗಾಳಿಯನ್ನು ತಡೆಯುತ್ತದೆ, ಬಡ ಮರಳಿಗೆ ಸಾರಜನಕವನ್ನೂ ಕೂಡಿಸುತ್ತದೆ. ಆದರೆ ಅದರ ಒಣ ಎಲೆಯ ಹಾಸಿಗೆಯಲ್ಲಿ ಬೇರೆ ಗಿಡ ತಲೆಯೆತ್ತುವುದು ಕಷ್ಟ. ಮರಳನ್ನು ನೆಲಮಟ್ಟದಲ್ಲಿ ಹಿಡಿದಿಡುವ ಅಡುಂಬು ಬಳ್ಳಿಯನ್ನು ಮಾತ್ರ ಯಾರೂ ಉದ್ಯಾನವೆಂದು ಕರೆಯಲಿಲ್ಲ, ಹೂವೇನೋ ಚೆಲುವಾದದ್ದೇ.

2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿಯ ಅಗಲಕ್ಕಾಗಿ ಅದರ ಬುಡವನ್ನು ಕಡಿದಾಗಿ ಕತ್ತರಿಸಲಾಗಿತ್ತು. ಮಣ್ಣು ರಸ್ತೆಯನ್ನು ದಾಟಿ ಗಂಗಾವಳಿಗೆ ಬಿದ್ದು, ನೀರು ಉಕ್ಕಿ ಆಚೆ ದಡದ ಮನೆಗಳಿಗೂ ನುಗ್ಗಿತು; ಜೀವಗಳು ಹೋದವು. ಅಂದಿನಿಂದ ಭೂವಿನ್ಯಾಸವೆಂಬುದು ಇಲ್ಲಿಯ ಹುಡುಗರಿಗೆ ಹೂಕುಂಡದ ಮಾತಾಗಿ ಉಳಿದಿಲ್ಲ. ಇಳಿಜಾರಿಗೆ ಲಾವಂಚ ನೆಡಬೇಕೆಂದು ಪುಸ್ತಕ ಹೇಳುತ್ತದೆ, ಸರಿಯೆ. ಆದರೆ ಲಾವಂಚದ ಬೇರು ಹಿಡಿಯಬಲ್ಲದ್ದು ಮೇಲಿನ ಕೆಲವು ಅಡಿ ಮಣ್ಣನ್ನು ಮಾತ್ರ. ಕಾಲನ್ನೇ ಕಳೆದುಕೊಂಡ ಗುಡ್ಡವನ್ನು ಹುಲ್ಲು ನಿಲ್ಲಿಸಲಾರದು. ಎಲ್ಲಿ ಅಗೆಯಬಾರದು ಎಂಬುದನ್ನು ತಿಳಿಸುವ ಅಧ್ಯಾಯ ಎಲ್ಲಿ ನೆಡಬೇಕು ಎಂಬುದಕ್ಕಿಂತ ಮೊದಲೇ ಬರಬೇಕಾಗಿತ್ತು.

ಈ ಬಗೆಯ ತಿಳಿವಳಿಕೆಯ ಇನ್ನೊಂದು ಶಾಲೆ ಹೊನ್ನಳ್ಳಿಯಲ್ಲಿತ್ತು. ಹಾಲಕ್ಕಿ ಸಮುದಾಯದ ತುಳಸಿ ಗೌಡರು ಅಕ್ಷರ ಕಲಿತವರಲ್ಲ. ಎಳೆಯ ವಯಸ್ಸಿನಲ್ಲಿಯೇ ತಾಯಿಯೊಡನೆ ಅರಣ್ಯ ಇಲಾಖೆಯ ಸಸಿಮಡಿಗೆ ಕೂಲಿಗೆ ಹೋದವರು. ಕಾಡಿನ ಸಾಲಿನಲ್ಲಿ ತಾಯಿಮರ ಯಾವುದು, ಅದರ ಬೀಜವನ್ನು ಯಾವಾಗ ಆಯಬೇಕು ಎಂಬುದು ಅವರಿಗೆ ಕೈಯ ರೇಖೆಯಷ್ಟು ಪರಿಚಿತ. ಪದ್ಮಶ್ರೀ ಸ್ವೀಕರಿಸಲು 2021ರಲ್ಲಿ ಅವರು ರಾಷ್ಟ್ರಪತಿ ಭವನಕ್ಕೆ ಬರಿಗಾಲಿನಲ್ಲೇ ನಡೆದುಹೋದ ಚಿತ್ರವನ್ನು ದೇಶವೇ ಕಂಡಿತು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ಪ್ರಶಸ್ತಿಯನ್ನು ಗಾಜಿನ ಕಪಾಟಿನಲ್ಲಿ ಇಡಬಹುದು. ಆ ಕಣ್ಣನ್ನು ಇಡುವುದೆಲ್ಲಿ?

ಪದವಿ ಮುಗಿಸಿ ಬಂದ ಹುಡುಗಿಗೆ ಮೊದಲು ದೊರೆಯುವ ಕೆಲಸ ಬಹುಶಃ ಕಾರವಾರದ ಹೊಸ ಮನೆಯೊಂದರ ಅಂಗಳ. ಯಜಮಾನರಿಗೆ ಗೋಡೆಯಿಂದ ಗೋಡೆಗೆ ಇಂಟರ್‌ಲಾಕ್ ಹಾಸು ಬೇಕು. ಬಾಗಿಲ ಮುಂದೆ ಮೆಕ್ಸಿಕನ್ ಹುಲ್ಲು, ಎರಡು ಪರದೇಶಿ ತಾಳೆ. ಕಡಲ ಸಮೀಪದ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಮಳೆ ಇಂಗದಂತೆ ಅಂಗಳವನ್ನು ಮುಚ್ಚಿ ಬಾವಿಯಿಂದ ಸೇದುತ್ತಲೇ ಹೋದರೆ ಬೇಸಗೆಯ ಚಹಾದಲ್ಲಿ ಕಡಲಿನ ರುಚಿ ಬಂದೀತು ಎಂದು ಅವಳು ವಿವರಿಸುತ್ತಾಳೆ. ಹಾಸು ಅರ್ಧಕ್ಕೆ ನಿಲ್ಲಲಿ, ಉಳಿದರ್ಧದಲ್ಲಿ ಇಂಗುಗುಂಡಿ, ಪಡುವಣ ಮೂಲೆಗೆ ಉಪ್ಪುಗಾಳಿಯನ್ನು ತಾಳುವ ಸುರಹೊನ್ನೆ. ಚಹಾದ ಮಾತು ಯಜಮಾನರ ಮನಸ್ಸಿಗೆ ನಾಟುತ್ತದೆ. ಕೊನೆಗೆ ಒಂದೇ ಸಂದೇಹ: ಹೊನ್ನೆಯ ಎಲೆ ಕಾರಿನ ಮೇಲೆ ಬೀಳುವುದಿಲ್ಲವೆ?

ಬೀಳುತ್ತದೆ, ಎನ್ನುತ್ತಾಳೆ ಅವಳು. ಮತ್ತು ನಕಾಶೆಯಲ್ಲಿ ಕಾರಿನ ಜಾಗವನ್ನು ಹತ್ತಡಿ ಪಕ್ಕಕ್ಕೆ ಸರಿಸುತ್ತಾಳೆ.